ಮಸಿಬಟ್ಟೆ: ಒಗೆದರಷ್ಟೇ ಸಾಲದು, ಒಣಗಲೂ ಬೇಕು

ಪಾತ್ರೆಗಳು ಫಳಫಳ ಹೊಳೆಯುತ್ತಿರುತ್ತವೆ, ಅಡುಗೆ ಕಟ್ಟೆ ಶುಭ್ರವಾಗಿರುತ್ತದೆ, ಸೊಪ್ಪು ತರಕಾರಿಗಳು ಎರಡೆರಡು ಬಾರಿ ನೀರು ಕಾಣುತ್ತವೆ. ಆದರೆ ಇವೆಲ್ಲವನ್ನೂ ಒರೆಸುವ ಬಟ್ಟೆಯತ್ತ ಮಾತ್ರ ಗಮನ ಹರಿಯುವುದು ಅಪರೂಪ. ಬೆಳಗಿನ ಕಾಫಿಯಿಂದ ರಾತ್ರಿಯ ಊಟದವರೆಗೆ ಚೆಲ್ಲಿದ ಹಾಲು, ಸಾರಿನ ಹನಿ, ಎಣ್ಣೆಯ ಜಿಡ್ಡು, ಕೈಯ ಒದ್ದೆ ಎಲ್ಲವನ್ನೂ ಹೀರಿಕೊಂಡ ಆ ಬಟ್ಟೆ ಸಿಂಕಿನ ಅಂಚಿನಲ್ಲಿ ಮುದುಡಿ ಬಿದ್ದಿರುತ್ತದೆ. ಮರುದಿನ ಊಟದ ತಟ್ಟೆಯನ್ನು ಒರೆಸುವುದೂ ಅದೇ.

ಮಸಿಬಟ್ಟೆ ಎಂಬ ಹೆಸರು ಸೌದೆ ಒಲೆಯ ಕಾಲವನ್ನು ನೆನಪಿಸುತ್ತದೆ. ಮಸಿ ಹಿಡಿದ ಪಾತ್ರೆಯನ್ನು ಒಲೆಯಿಂದ ಇಳಿಸಲು, ಅದರ ತಳವನ್ನು ಒರೆಸಲು ಬಳಸುತ್ತಿದ್ದ ಬಟ್ಟೆಯದು. ಅಡುಗೆ ಅನಿಲ ಬಂದ ಮೇಲೆ ಮಸಿ ಹೋಯಿತು, ಹೆಸರು ಉಳಿಯಿತು. ಮಸಿ ಕಣ್ಣಿಗೆ ಕಾಣುತ್ತಿದ್ದುದರಿಂದ ಬಟ್ಟೆ ಕೊಳೆಯಾಗಿದೆ ಎಂಬುದು ತಾನಾಗಿ ತಿಳಿಯುತ್ತಿತ್ತು. ಇಂದಿನ ಅಡುಗೆಮನೆಯ ಕೊಳೆ ಕಣ್ಣಿಗೆ ಕಾಣುವಂಥದ್ದಲ್ಲ.

ನೂರು ಬಟ್ಟೆಗಳ ಪರೀಕ್ಷೆ

ಮಾರಿಷಸ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ತಿಂಗಳ ಕಾಲ ಬಳಸಿದ 100 ಅಡುಗೆಮನೆ ಬಟ್ಟೆಗಳನ್ನು ಪರೀಕ್ಷಿಸಿ, ಫಲಿತಾಂಶವನ್ನು 2018ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ನಡೆದ ಸೂಕ್ಷ್ಮಜೀವಿ ವಿಜ್ಞಾನಿಗಳ ಸಮಾವೇಶದಲ್ಲಿ ಮಂಡಿಸಿದರು. 49 ಬಟ್ಟೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದವು. ಪಾತ್ರೆ, ಕೈ, ಕಟ್ಟೆ ಹೀಗೆ ಹಲವು ಕೆಲಸಗಳಿಗೆ ಬಳಸಿದ ಬಟ್ಟೆಗಳಲ್ಲಿ ಅವುಗಳ ಸಂಖ್ಯೆ ಹೆಚ್ಚು. ಒಣಗಿದ ಬಟ್ಟೆಗಿಂತ ಒದ್ದೆ ಬಟ್ಟೆಯಲ್ಲಿ ಹೆಚ್ಚು. ಕುಟುಂಬ ದೊಡ್ಡದಾದಷ್ಟೂ, ಮನೆಯಲ್ಲಿ ಮಕ್ಕಳಿದ್ದಷ್ಟೂ ಹೆಚ್ಚು.

ಬಟ್ಟೆಯಲ್ಲಿ ಬ್ಯಾಕ್ಟೀರಿಯಾ ಇದ್ದ ಮಾತ್ರಕ್ಕೆ ರೋಗ ಬಂದೇ ಬರುತ್ತದೆ ಎಂದಲ್ಲ. ಆದರೆ ಹಸಿ ಮಾಂಸ, ಮೀನು, ಮೊಟ್ಟೆ ಅಥವಾ ತೊಳೆಯದ ಕೈಯಿಂದ ಬಟ್ಟೆಗೆ ಅಂಟಿದ ರೋಗಾಣು, ಅಲ್ಲಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ ಸೇರಬಲ್ಲದು. ಹಸುಗೂಸುಗಳು, ವೃದ್ಧರು, ಗರ್ಭಿಣಿಯರು ಮತ್ತು ದೀರ್ಘ ಕಾಯಿಲೆಯಿಂದ ಬಳಲುತ್ತಿರುವವರಿಗೆ ವಾಂತಿ ಭೇದಿಯೂ ಸಣ್ಣ ಸಂಗತಿಯಲ್ಲ.

ತೇವವೇ ಮೂಲ

ಬೆಚ್ಚಗಿನ ವಾತಾವರಣ, ನೀರು ಮತ್ತು ಆಹಾರದ ಕಣ, ಈ ಮೂರೂ ದೊರೆತರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ದ್ವಿಗುಣಗೊಳ್ಳಬಲ್ಲವು. ಆ ಲೆಕ್ಕದಲ್ಲಿ ಒಂದು ಬ್ಯಾಕ್ಟೀರಿಯಾ ನಾಲ್ಕು ಗಂಟೆಗಳಲ್ಲಿ 4,096 ಆಗುತ್ತದೆ. ಈ ಮೂರರಲ್ಲಿ ಸುಲಭವಾಗಿ ತಪ್ಪಿಸಬಹುದಾದದ್ದು ನೀರು. ಆದ್ದರಿಂದಲೇ ಸೋಪಿಗಿಂತ ಮೊದಲು ಯೋಚಿಸಬೇಕಾದದ್ದು ಬಟ್ಟೆ ಎಲ್ಲಿ, ಹೇಗೆ ಒಣಗುತ್ತದೆ ಎಂಬುದನ್ನು.

ಒಗೆದ ಬಟ್ಟೆಯೂ ಮುಗ್ಗಲು ವಾಸನೆ ಬೀರುವುದೇಕೆ? ಸರಿಯಾಗಿ ಒಣಗದ ಬಟ್ಟೆಯ ಈ ವಾಸನೆಗೆ ಮೊರಾಕ್ಸೆಲ್ಲಾ ಆಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಪ್ರಮುಖ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ಪರಿಮಳದ ದ್ರಾವಣ ಸುರಿದರೆ ಈ ವಾಸನೆ ಮುಚ್ಚಿಹೋಗುತ್ತದೆಯೇ ಹೊರತು ಬ್ಯಾಕ್ಟೀರಿಯಾ ಹೋಗುವುದಿಲ್ಲ. ಬಟ್ಟೆ ಮೃದುಗೊಳಿಸುವ ದ್ರಾವಣ ಹತ್ತಿಯ ಹೀರುವ ಗುಣವನ್ನೂ ಕುಗ್ಗಿಸುತ್ತದೆ.

ಅನುಸರಿಸಬೇಕಾದ ಕ್ರಮಗಳು

* ಕೈ ಒರೆಸಲು, ತೊಳೆದ ಪಾತ್ರೆ ಒರೆಸಲು, ಕಟ್ಟೆ ಒರೆಸಲು ಬೇರೆ ಬೇರೆ ಬಟ್ಟೆ ಇರಲಿ. ಬಣ್ಣ ಬೇರೆಯಾಗಿದ್ದರೆ ಗುರುತಿಸುವುದು ಸುಲಭ. ಹೋಟೆಲುಗಳಿಗೆ ಅನ್ವಯಿಸುವ 2011ರ ಆಹಾರ ಸುರಕ್ಷತಾ ನಿಯಮಾವಳಿಯೂ ನೆಲ ಒರೆಸುವ ಬಟ್ಟೆಯಿಂದ ಮೇಜು, ಪಾತ್ರೆಗಳನ್ನು ಒರೆಸಕೂಡದು ಎನ್ನುತ್ತದೆ.

* ದಪ್ಪ ಟವೆಲ್ಲಿಗಿಂತ ತೆಳು ಹತ್ತಿ ಬಟ್ಟೆ ಬೇಗ ಒಣಗುತ್ತದೆ. ಹಳೆಯ ಪಂಚೆ, ಹತ್ತಿ ಸೀರೆಯ ತುಂಡುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಏಳೆಂಟು ತುಂಡುಗಳಿದ್ದರೆ ದಿನಕ್ಕೊಂದನ್ನು ಬದಲಿಸಬಹುದು.

* ಬಳಸಿದ ಬಟ್ಟೆಯನ್ನು ಮುದುಡಿ ಇಡದೆ, ಹಿಂಡಿ, ಪೂರ್ತಿ ಬಿಡಿಸಿ ತೂಗುಹಾಕಬೇಕು. ಒಲೆಯ ಉರಿಯ ಸಮೀಪ ಮಾತ್ರ ತೂಗುಹಾಕಬಾರದು.

* ಒಗೆಯುವಾಗ ಮೊದಲು ಜಿಡ್ಡು ಬಿಡಬೇಕು. ಬಿಸಿ ನೀರಿಗೆ ಸೋಪಿನ ಪುಡಿ, ಚಿಟಿಕೆ ವಾಷಿಂಗ್ ಸೋಡಾ ಬೆರೆಸಿ ನೆನೆಹಾಕಿ ಉಜ್ಜಿದರೆ ಜಿಡ್ಡು ಕರಗುತ್ತದೆ. ಬಳಿಕ ಹತ್ತು ನಿಮಿಷ ಕುದಿಸಬೇಕು. ಅಗಸರು ಬಟ್ಟೆಗಳನ್ನು ಉಬ್ಬೆ ಹಾಕುತ್ತಿದ್ದುದರ ಹಿಂದೆಯೂ ಕ್ಷಾರ ಮತ್ತು ಶಾಖದ ಇದೇ ತತ್ತ್ವವಿದೆ. ಯಂತ್ರದಲ್ಲಿ ಒಗೆಯುವವರು 60 ಡಿಗ್ರಿ ಉಷ್ಣಾಂಶವನ್ನು ಆರಿಸಿಕೊಳ್ಳಬಹುದು.

* ಹಸಿ ಮಾಂಸ, ಮೀನಿನ ರಸ ತಾಗಿದ ಬಟ್ಟೆಯನ್ನು ಮತ್ತೆ ಬಳಸದೆ ನೇರವಾಗಿ ಒಗೆಯಲು ಹಾಕಬೇಕು.

ಬಿಸಿಲಿಗೆ ಸಮನಿಲ್ಲ

ಸೂರ್ಯನ ಬೆಳಕು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಂದು ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ 1877ರಲ್ಲೇ ತೋರಿಸಿಕೊಟ್ಟಿದ್ದರು. ಬಿಸಿಲು ಬಟ್ಟೆಯನ್ನು ಒಣಗಿಸುವುದರ ಜೊತೆಗೆ ತನ್ನ ನೇರಳಾತೀತ ಕಿರಣಗಳಿಂದಲೂ ಕೆಲಸ ಮಾಡುತ್ತದೆ. ಆದರೆ ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ, ಬೆಂಗಳೂರಿನ ಬಿಸಿಲು ಕಾಣದ ಫ್ಲಾಟುಗಳಲ್ಲಿ ಈ ಅನುಕೂಲ ಇರುವುದಿಲ್ಲ. ಅಂಥ ಕಡೆ ಫ್ಯಾನಿನ ಗಾಳಿಯಲ್ಲಿ ಆರಿಸಿ, ಬಿಸಿ ಇಸ್ತ್ರಿಪೆಟ್ಟಿಗೆ ಹಾಯಿಸುವುದು ಉತ್ತಮ. ಮೈಕ್ರೋಫೈಬರ್ ಬಟ್ಟೆಗೆ ಮಾತ್ರ ಕುದಿಸುವುದೂ ಇಸ್ತ್ರಿಯೂ ಸಲ್ಲದು.

ಎಚ್ಚರಿಕೆ

ಬ್ಲೀಚ್ ಬಳಸುವವರು ಬಾಟಲಿಯ ಮೇಲಿನ ಪ್ರಮಾಣವನ್ನು ಮೀರಬಾರದು. ಅದರೊಂದಿಗೆ ವಿನೆಗರ್, ನಿಂಬೆರಸ ಅಥವಾ ಶೌಚಾಲಯ ತೊಳೆಯುವ ಆಮ್ಲವನ್ನು ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ಪಾತ್ರೆ ಉಜ್ಜುವ ಸ್ಪಂಜಿನ ವಿಷಯ ಇನ್ನೂ ಕಠಿಣ. ಬಳಸಿದ 14 ಸ್ಪಂಜುಗಳನ್ನು ಪರಿಶೀಲಿಸಿದ ಜರ್ಮನಿಯ ಸಂಶೋಧಕರು, ಆಗಾಗ ಶುದ್ಧಗೊಳಿಸುತ್ತಿದ್ದ ಸ್ಪಂಜುಗಳಲ್ಲೂ ಬ್ಯಾಕ್ಟೀರಿಯಾ ಕಡಿಮೆಯಿರಲಿಲ್ಲವೆಂದು 2017ರಲ್ಲಿ ವರದಿ ಮಾಡಿದರು. ವಾರಕ್ಕೊಮ್ಮೆ ಬದಲಿಸುವುದೇ ಲೇಸೆಂಬುದು ಅವರ ಸಲಹೆ. ಬಟ್ಟೆಗೆ ಇಷ್ಟು ಕಟ್ಟುನಿಟ್ಟು ಬೇಡ. ಕುದಿಸಿ ಒಣಗಿಸಿದ ಮೇಲೂ ವಾಸನೆ ಉಳಿದರೆ, ಜಿಡ್ಡು ಬಿಡದಿದ್ದರೆ, ಅದರ ಆಯುಷ್ಯ ಮುಗಿದಂತೆ. ಅಲ್ಲಿಯವರೆಗೆ ರಾತ್ರಿ ಅಡುಗೆಮನೆಯ ದೀಪ ಆರಿಸುವ ಮುನ್ನ ಬಟ್ಟೆಯನ್ನು ಹಿಂಡಿ, ಬಿಡಿಸಿ ಹರವುವ ಅಭ್ಯಾಸವೊಂದಿದ್ದರೆ ಅರ್ಧ ಕೆಲಸ ಆದಂತೆಯೇ.