ದಾಳಿಂಬೆಯ ಕೆಂಪು

ಕವಿಯೊಬ್ಬನ ಬದುಕನ್ನು ಚಲನಚಿತ್ರವಾಗಿಸ ಹೊರಟವರು ಸಾಮಾನ್ಯವಾಗಿ ಅವನ ಹುಟ್ಟು, ಪ್ರೇಮ, ಬಡತನ, ಮರಣಗಳನ್ನು ಒಂದರ ಹಿಂದೊಂದು ಪೋಣಿಸುತ್ತಾರೆ. ಸೆರ್ಗೈ ಪರಾಜಾನೋವ್ ಹಾಗೆ ಮಾಡಲಿಲ್ಲ. ಹದಿನೆಂಟನೆಯ ಶತಮಾನದ ಆರ್ಮೇನಿಯನ್ ಕವಿ ಸಯಾತ್ ನೋವಾನನ್ನು ಕುರಿತ ಅವರ ಚಿತ್ರದಲ್ಲಿ ಸಂಭಾಷಣೆ ಇಲ್ಲವೆನ್ನುವಷ್ಟು ಕಡಿಮೆ. ಕ್ಯಾಮರಾ ಕದಲುವುದೇ ಅಪರೂಪ. ಬಿಳಿಯ ಬಟ್ಟೆಯ ಮೇಲೆ ಮೂರು ದಾಳಿಂಬೆ ಹಣ್ಣುಗಳು. ಅವುಗಳ ರಸ ಮೆಲ್ಲನೆ ಬಟ್ಟೆಗೆ ಹಬ್ಬುತ್ತದೆ. ತೊಯ್ದ ಹೊತ್ತಗೆಗಳನ್ನು ಮಾಳಿಗೆಯ ಮೇಲೆ ಒಣಗಲು ಹರವಿದ್ದಾರೆ. ಗಾಳಿ ಹಾಳೆಗಳನ್ನು ಮಗುಚುತ್ತಿರುವಾಗ ಬಾಲಕ ಕವಿ ಅವುಗಳ ನಡುವೆ ಮಲಗಿದ್ದಾನೆ. ಯುವಕವಿಯ ಪಾತ್ರವನ್ನೂ ಅವನ ಪ್ರೇಯಸಿಯ ಪಾತ್ರವನ್ನೂ ಸೋಫಿಕೋ ಚಿಯೌರೆಲಿ ಎಂಬ ಒಬ್ಬಳೇ ನಟಿ ವಹಿಸಿದ್ದಾಳೆ. ಇದು ಅರ್ಥವಾಗುವುದೆ ಎಂದು ಕೇಳಬಹುದು. ಆರ್ಮೇನಿಯದ ಹಳೆಯ ಹಸ್ತಪ್ರತಿಗಳ ಕಿರುಚಿತ್ರಗಳನ್ನು ನೋಡುವ ತಾಳ್ಮೆಯಿಂದಲೇ ಇದನ್ನೂ ನೋಡಬೇಕು. ಅರ್ಥ ಆಮೇಲೆ ಬರುತ್ತದೆ.

ಪರಾಜಾನೋವ್ ಹುಟ್ಟಿದ್ದು 1924ರಲ್ಲಿ, ಜಾರ್ಜಿಯದ ಟಿಬಿಲಿಸಿಯ ಆರ್ಮೇನಿಯನ್ ಮನೆತನದಲ್ಲಿ. ತಂದೆ ಪುರಾತನ ವಸ್ತುಗಳ ವ್ಯಾಪಾರಿ. ಮಗನ ಚಿತ್ರಗಳಲ್ಲಿ ಜಮಖಾನೆ, ಹೂಜಿ, ಕಠಾರಿಗಳು ಮನುಷ್ಯರಷ್ಟೇ ಮುಖ್ಯವಾದುದು ಬಹುಶಃ ಅಲ್ಲಿಂದ. ಮಾಸ್ಕೋದಲ್ಲಿ ಕಲಿತು, ಕೀವ್‌ನಲ್ಲಿ ತೆಗೆದ ಮೊದಲ ಚಿತ್ರಗಳನ್ನು ಅವರೇ ಮುಂದೆ ಕಸವೆಂದು ತಳ್ಳಿಹಾಕಿದರು. ತಾರ್ಕೋವ್‌ಸ್ಕಿಯ ಮೊದಲ ದೊಡ್ಡ ಚಿತ್ರ ಅವರ ಕಣ್ಣು ತೆರೆಸಿತು. ಕಾರ್ಪೇಥಿಯನ್ ಬೆಟ್ಟಗಳ ಹುತ್ಸುಲ್ ಜನರ ಪ್ರೇಮಕಥೆಯಾದ 'ಮರೆತ ಪೂರ್ವಜರ ನೆರಳುಗಳು' 1965ರಲ್ಲಿ ತೆರೆಗೆ ಬಂದಾಗ ಹೊರದೇಶಗಳೂ ಅವರ ಹೆಸರನ್ನು ಕೇಳಿದವು.

ಕೀರ್ತಿಯ ಬೆನ್ನಿಗೇ ಅನುಮಾನವೂ ಬಂತು. ಉಕ್ರೇನಿನ ಬುದ್ಧಿಜೀವಿಗಳ ಮೇಲಿನ ಮೊಕದ್ದಮೆಗಳನ್ನು ಪ್ರತಿಭಟಿಸಿದ 1968ರ ಪತ್ರಕ್ಕೆ ಅವರೂ ಸಹಿ ಹಾಕಿದ್ದರು. ಕವಿಯ ಚಿತ್ರವಂತೂ ಅಧಿಕಾರಿಗಳಿಗೆ ರುಚಿಸಲಿಲ್ಲ. ಕವಿಯ ಹೆಸರನ್ನೇ ತೆಗೆಸಿ 'ದಾಳಿಂಬೆಯ ಬಣ್ಣ' ಎಂದು ಕರೆದರು. ಇನ್ನೊಬ್ಬ ನಿರ್ದೇಶಕರಿಂದ ಮರುಸಂಕಲನ ಮಾಡಿಸಿದರು. 1973ರ ಡಿಸೆಂಬರಿನಲ್ಲಿ ಬಂಧನವಾಯಿತು. ಸಲಿಂಗಕಾಮವೇ ಮುಖ್ಯ ಆರೋಪ, ಐದು ವರ್ಷಗಳ ಶಿಕ್ಷೆ. ಫ್ರೆಂಚ್ ಕವಿ ಲೂಯಿ ಅರಗಾನ್ ಮುಂತಾದವರ ಮೊರೆಯಿಂದ 1977ರ ಕೊನೆಗೆ ಬಿಡುಗಡೆಯಾದರೂ ಚಿತ್ರ ತೆಗೆಯಲು ಅವಕಾಶ ಸಿಗಲಿಲ್ಲ. 1982ರಲ್ಲಿ ಮತ್ತೆ ಕೆಲವು ತಿಂಗಳು ಸೆರೆ. ಕವಿಯ ಚಿತ್ರದಿಂದ 'ಸುರಾಮ್ ಕೋಟೆ'ಯವರೆಗೆ ಸುಮಾರು ಹದಿನೈದು ವರ್ಷಗಳು. ಆಮೇಲೆ ಅವರು ಪೂರೈಸಿದ ಕಥಾಚಿತ್ರ 1988ರ 'ಆಶಿಕ್ ಕೆರಿಬ್' ಒಂದೇ. ಅದನ್ನು ಅವರು ಆ ವೇಳೆಗೆ ತೀರಿಕೊಂಡಿದ್ದ ತಾರ್ಕೋವ್‌ಸ್ಕಿಗೆ ಅರ್ಪಿಸಿದರು.

ಸೆರೆಯಲ್ಲಿ ಕ್ಯಾಮರಾ ಇರಲಿಲ್ಲ, ಕೈಗಳಿದ್ದವು. ಗೋಣಿಯ ಚೂರಿನಿಂದ ಗೊಂಬೆ ಹೊಲಿದರು. ಹರಿದ ಕಾಗದಗಳನ್ನು ಅಂಟಿಸಿ ಚಿತ್ರ ಮಾಡಿದರು. ಹಾಲಿನ ಸೀಸೆಯ ತಗಡಿನ ಮುಚ್ಚಳಗಳ ಮೇಲೆ ಉಗುರಿನಿಂದ ಒತ್ತಿ ಮುಖಗಳನ್ನು ಮೂಡಿಸಿದರು. ಯೆರೆವಾನ್ ನಗರದಲ್ಲಿ ಅವರಿಗೆಂದು ಮನೆಯೊಂದನ್ನು ಕಟ್ಟುತ್ತಿದ್ದರು. 1988ರ ಭೂಕಂಪದಿಂದ ಕೆಲಸ ತಡವಾಯಿತು; 1990ರ ಜುಲೈನಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ಆ ಮನೆ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಹಾಲಿನ ಸೀಸೆಯ ಮುಚ್ಚಳಗಳು ಈಗ ಅಲ್ಲಿವೆ.