ಅಂಗಳಕ್ಕೆ ಕಲ್ಲು ಹಾಸುವ ಮುನ್ನ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಮನೆಯ ಮುಂದಿನ ಅಂಗಳವೇ ಸುಗ್ಗಿಯ ದಿನಗಳಲ್ಲಿ ಸಣ್ಣ ಬೆಳೆಗಾರರ ಕಣ. ಕಾಫಿ, ಅಡಕೆ, ಮೆಣಸು ಎಲ್ಲವೂ ಅಲ್ಲಿಯೇ ಒಣಗಬೇಕು. ಕಾಫಿಯ ಹಣ್ಣನ್ನು ಇಡಿಯಾಗಿ ಒಣಗಿಸುವಾಗ ಅದರ ತೇವಾಂಶವು ಶೇಕಡ 11ರಷ್ಟಕ್ಕೆ ಇಳಿಯುವವರೆಗೂ ಬಿಸಿಲಿಗೆ ಹರಡಬೇಕಾಗುವುದು. ಬರಿಯ ಮಣ್ಣಿನ ಮೇಲೆ ಒಣಗಿದ ಕಾಫಿಗೆ ಮಣ್ಣಿನ ವಾಸನೆಯೂ ಬೂಷ್ಟೂ ತಗಲುವ ಭಯವುಂಟು. ಆದುದರಿಂದ ಅನೇಕರು ಅಂಗಳಕ್ಕೆ ಚಪ್ಪಡಿ ಕಲ್ಲು ಹಾಸುವರು. ಆದರೆ ಎರಡು ಮಳೆಗಾಲ ಕಳೆಯುವುದರೊಳಗೆ ಒಂದು ಕಲ್ಲು ಕುಸಿದು, ಇನ್ನೊಂದು ಓರೆಯಾಗಿ, ನಡುವೆ ನೀರು ಮಡುಗಟ್ಟುವುದೂ ಉಂಟು. ಇದಕ್ಕೆ ಕಾರಣವನ್ನು ಕಲ್ಲಿನಲ್ಲಿ ಹುಡುಕಿದರೆ ಸಿಕ್ಕದು. ಅದರ ಕೆಳಗಿನ ನೆಲದಲ್ಲಿ ಹುಡುಕಬೇಕು.

ಮಣ್ಣು ಎಂದರೆ ಕಣಗಳು ಮತ್ತು ಅವುಗಳ ನಡುವಣ ಸಂದುಗಳು. ಕಣಗಳು ಒಂದಕ್ಕೊಂದು ಒತ್ತಿಕೊಂಡಿದ್ದರೆ ಘರ್ಷಣೆಯ ಬಲದಿಂದ ನೆಲವು ಭಾರವನ್ನು ಹೊರುವುದು. ಸಂದುಗಳಲ್ಲಿ ನೀರು ತುಂಬಿ ಅದರ ಒತ್ತಡ ಹೆಚ್ಚಿದರೆ ಕಣಗಳ ಹಿಡಿತವು ಸಡಿಲವಾಗಿ ನೆಲವು ಬಗ್ಗುವುದು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಕೊರತೆಯಿಲ್ಲ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್ ನೀರು. ಹಾಗಾದರೆ 40 ಚದರ ಮೀಟರಿನ ಅಂಗಳದ ಮೇಲೆ 100 ಮಿ.ಮೀ. ಮಳೆ ಸುರಿದಾಗ 4,000 ಲೀಟರ್ ನೀರು ಬಿದ್ದಂತಾಯಿತು. ಸೂರಿನಿಂದಲೂ ಮನೆಯ ಹಿಂದಿನ ಧರೆಯಿಂದಲೂ ಹರಿದುಬರುವ ನೀರು ಇದರಲ್ಲಿ ಸೇರಿಲ್ಲ. ಇಷ್ಟು ನೀರಿಗೆ ದಾರಿ ಮಾಡಿಕೊಡುವುದೇ ನೆಲವನ್ನು ಸಿದ್ಧಪಡಿಸುವ ಕೆಲಸದ ತಿರುಳು.

ಈ ಕೆಲಸಕ್ಕೆ ಕಾಫಿಯ ಕೊಯ್ಲು ಮುಗಿದು ಹೂಮಳೆ ಬೀಳುವ ಮಾರ್ಚ್, ಏಪ್ರಿಲ್ ತಿಂಗಳುಗಳು ಅನುಕೂಲ. ವಿದ್ಯಾರ್ಥಿಗಳಿಗೆ ರಜೆಯೂ ಸಮೀಪಿಸಿರುವುದು. ಮೊದಲ ಹೂಮಳೆಯಲ್ಲಿ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ ಗೂಟ ನೆಡಿರಿ. ಧರೆಯ ನೀರು ಅಂಗಳವನ್ನು ಮುಟ್ಟುವ ಮೊದಲೇ ಅದನ್ನು ಹಿಡಿದು ಪಕ್ಕಕ್ಕೆ ಸಾಗಿಸುವ ಚರಂಡಿಯನ್ನು ತೆಗೆಯಿರಿ.

ಬಳಿಕ ಇಳಿಜಾರನ್ನು ಗೊತ್ತುಮಾಡಬೇಕು. ಮನೆಯಿಂದ ಹೊರಮುಖವಾಗಿ 50ಕ್ಕೆ 1ರಂತೆ ಇಳಿಜಾರಿದ್ದರೆ ಸಾಕು. ಅಂದರೆ 6 ಮೀಟರ್ ಅಗಲದ ಅಂಗಳದಲ್ಲಿ 12 ಸೆಂ.ಮೀ. ಇಳಿತ. ಇದನ್ನು ಅಳೆಯಲು ನೀರು ತುಂಬಿದ ಪಾರದರ್ಶಕ ಕೊಳವೆಯೊಂದು ಸಾಕು. ಒಳಗೆ ಗಾಳಿಗುಳ್ಳೆ ಇಲ್ಲದಿದ್ದರೆ ಕೊಳವೆಯ ಎರಡು ತುದಿಗಳಲ್ಲಿಯೂ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದು. ಎರಡು ಗೂಟಗಳ ಮೇಲೆ ಆ ಮಟ್ಟವನ್ನು ಗುರುತಿಸಿ, ಹೊರಗಿನ ಗೂಟದಲ್ಲಿ 12 ಸೆಂ.ಮೀ. ಕೆಳಗೆ ದಾರ ಕಟ್ಟಿರಿ.

ಇನ್ನು ಅಗೆತ. ಮೇಲಿನ ಕಪ್ಪು ಮಣ್ಣಿನಲ್ಲಿ ಎಲೆಗೊಬ್ಬರವಿರುವುದು. ಅದು ಕೊಳೆತು ಕುಗ್ಗುವುದರಿಂದ ಕಲ್ಲಿನ ಕೆಳಗೆ ಇರಕೂಡದು. ಅದನ್ನು ತೋಟಕ್ಕೆ ಸಾಗಿಸಿ, ಗಟ್ಟಿಯಾದ ಕೆಂಪು ಮಣ್ಣು ಕಾಣುವವರೆಗೆ ಅಗೆಯಿರಿ. ಜಲ್ಲಿಗೆ 10, ಮರಳಿಗೆ 3, ಕಲ್ಲಿಗೆ 5 ಸೆಂ.ಮೀ. ಎಂದು ಲೆಕ್ಕ ಹಾಕಿದರೆ 18 ಸೆಂ.ಮೀ. ಆಳವಾದರೂ ಬೇಕು. ಈ ಕೆಂಪು ನೆಲಕ್ಕೇ ಇಳಿಜಾರನ್ನು ಕೊಡತಕ್ಕದ್ದು. ಮೇಲಿನ ಕಲ್ಲು ಮಾತ್ರ ಓರೆಯಾಗಿದ್ದು ತಳವು ಬಟ್ಟಲಿನಂತಿದ್ದರೆ ಸಂದುಗಳಿಂದ ಇಳಿದ ನೀರು ಒಳಗೇ ನಿಂತುಬಿಡುವುದು.

ಗುಡ್ಡದ ಸೀಮೆಯಲ್ಲಿ ಒಂದು ವಿಶೇಷ ಅಪಾಯವುಂಟು. ಅಂಗಳವನ್ನು ಅಗಲ ಮಾಡಲು ಮೇಲುಗಡೆ ಧರೆಯನ್ನು ಕಡಿದು, ಆ ಮಣ್ಣನ್ನು ಕೆಳಗಡೆಗೆ ತುಂಬುವುದು ವಾಡಿಕೆ. ಕಡಿದ ನೆಲ ಗಟ್ಟಿ, ತುಂಬಿದ ನೆಲ ಸಡಿಲ; ಅವೆರಡೂ ಕೂಡುವ ಗೆರೆಯಲ್ಲಿಯೇ ಕಲ್ಲು ಮೊದಲು ಕುಸಿಯುವುದು. ಬುಡ ಕಡಿದ ಧರೆಯೂ ಆಧಾರವನ್ನು ಕಳೆದುಕೊಳ್ಳುವುದು. 2019ರ ಆಗಸ್ಟ್ ತಿಂಗಳಿನ ಭಾರಿ ಮಳೆಯಲ್ಲಿ ಮೂಡಿಗೆರೆ, ಕಳಸಗಳ ಸುತ್ತ ಗುಡ್ಡಗಳು ಜರಿದುದನ್ನು ಕಂಡವರು ನೆನಸಿದ ಇಳುಕಲಿನ ಮಣ್ಣನ್ನು ಹಗುರವಾಗಿ ಎಣಿಸಲಾರರು. ಧರೆಯನ್ನು ಮುಟ್ಟದೆ, ಇರುವ ಜಾಗದಲ್ಲಿಯೇ ಅಂಗಳ ಮಾಡುವುದು ಲೇಸು. ಕಡಿಯಲೇಬೇಕಾದರೆ ತಿಳಿದ ಎಂಜಿನಿಯರರನ್ನು ಕೇಳಬೇಕು. ಅದು ರಜೆಯ ಕೆಲಸವಲ್ಲ.

ಅಗೆದ ತಳವನ್ನು ದಿಮ್ಮಸಿನಿಂದ ಬಡಿಯಬೇಕು. ಯಾವ ಹದದಲ್ಲಿ ಬಡಿಯಬೇಕು? ಅಮೆರಿಕದ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ 1933ರಲ್ಲಿ ಮಣ್ಣಿನ ಅಣೆಕಟ್ಟುಗಳ ವಿಷಯವಾಗಿ ಬರೆಯುತ್ತ ಇದಕ್ಕೆ ಉತ್ತರ ಕೊಟ್ಟನು. ಒಂದೇ ಶಕ್ತಿಯಿಂದ ಬಡಿದರೂ ನಿರ್ದಿಷ್ಟ ತೇವದಲ್ಲಿ ಮಾತ್ರ ಮಣ್ಣು ಅತ್ಯಂತ ಸಾಂದ್ರವಾಗುವುದು. ತೀರ ಒಣಗಿದ್ದರೆ ಕಣಗಳು ಜಾರಿ ಹೊಂದಿಕೊಳ್ಳವು. ತೀರ ನೆನೆದಿದ್ದರೆ ಸಂದುಗಳನ್ನು ನೀರೇ ಆಕ್ರಮಿಸಿರುವುದು. ಈ ಹದವನ್ನು ಅಂಗೈಯಲ್ಲಿಯೇ ಪರೀಕ್ಷಿಸಬಹುದು. ಹಿಡಿ ಮಣ್ಣನ್ನು ಅಮುಕಿದರೆ ಉಂಡೆ ಕಟ್ಟಬೇಕು, ಕೈಗೆ ಅಂಟಬಾರದು; ಬೆರಳಿನಿಂದ ಒತ್ತಿದರೆ ಎರಡು ಮೂರು ಹೋಳಾಗಬೇಕು.

ಅದರ ಮೇಲೆ ಜಲ್ಲಿ. ಕೊಳವೆಯ ತ್ರಿಜ್ಯ 1 ಮಿ.ಮೀ. ಇದ್ದರೆ ಕೇಶಾಕರ್ಷಣೆಯಿಂದ ನೀರು ಸುಮಾರು 15 ಮಿ.ಮೀ. ಏರುವುದು, 0.01 ಮಿ.ಮೀ. ಇದ್ದರೆ ಸುಮಾರು ಒಂದೂವರೆ ಮೀಟರ್. ಜೇಡಿಯ ಸೂಕ್ಷ್ಮ ಸಂದುಗಳಲ್ಲಿ ತೇವವು ಮೇಲೇರುವುದು ಹೀಗೆಯೇ. ಜಲ್ಲಿಯ ದೊಡ್ಡ ಸಂದುಗಳು ಆ ಏರಿಕೆಯನ್ನು ತಡೆಯುವುವು. ಮೇಲಿನಿಂದ ಬಂದ ನೀರನ್ನು ಬೇಗ ಸಾಗಿಸುವುವು. ಜಲ್ಲಿಯನ್ನು ಎರಡು ಪದರಗಳಾಗಿ ಹರಡಿ ಬಡಿದು, ಮರಳು ಸೋರಿಹೋಗದಂತೆ ಮೇಲೆ ಜಲ್ಲಿಪುಡಿಯನ್ನು ತುಂಬಿರಿ. ಜಲ್ಲಿಯ ಕೆಳ ಅಂಚು ಚರಂಡಿಗೆ ತೆರೆದಿರಲಿ.

ಕಲ್ಲು ಹಾಸುವ ಮುನ್ನ ಕಡೆಯ ಪರೀಕ್ಷೆಯೊಂದಿದೆ. ಮನೆಯ ಕಡೆಯ ಅಂಚಿನಲ್ಲಿ ಜಲ್ಲಿಯ ಮೇಲೆ ನಾಲ್ಕಾರು ಕೊಡ ನೀರು ಸುರಿದು ಚರಂಡಿಯ ಬಳಿ ನಿಂತು ನೋಡಿರಿ. ಸ್ವಲ್ಪ ಹೊತ್ತಿಗೆ ನೀರು ಅಲ್ಲಿ ಕಾಣಿಸಿಕೊಂಡರೆ ನೆಲ ಸಿದ್ಧವಾಗಿದೆಯೆಂದು ತಿಳಿಯಬಹುದು. ಕಾಣಿಸದಿದ್ದರೆ ಜಲ್ಲಿಯನ್ನು ಸರಿಸಿ ತಳದ ಇಳಿಜಾರನ್ನು ಇನ್ನೊಮ್ಮೆ ಅಳೆಯಿರಿ. ಅಂದು ಅರ್ಧ ದಿನ ಹೋದರೂ, ಮುಂದಿನ ಸುಗ್ಗಿಯಲ್ಲಿ ವರ್ಷದ ಕಾಫಿಯು ಒಣ ನೆಲದ ಮೇಲೆ ಹರಡಿರುವುದು.