ಬ್ರೇಕ್ ಆಯಿಲ್: ಡಾಟ್ 3, 4, 5, 5.1 — ನಿಮ್ಮ ಕಾರಿಗೆ ಯಾವುದು?

ಹಬ್ಬಕ್ಕೆ ಕಾರಲ್ಲೇ ಊರಿಗೆ ಹೊರಡೋರಿಗೆ ಇವತ್ತಿನ ಮಾತು. ಎಂಜಿನ್ ಆಯಿಲ್ ನೋಡ್ತೀವಿ, ಟೈರ್ ಗಾಳಿ ನೋಡ್ತೀವಿ. ಬ್ರೇಕ್ ಆಯಿಲ್ ಕಡೆ ಮಾತ್ರ ತಿರುಗಿಯೂ ನೋಡಲ್ಲ.

ಆಯಿಲ್ ಅಂತ ಕರೆದ್ರೂ ಅದು ಎಣ್ಣೆ ಅಲ್ಲ. ನಮ್ಮ ಹೆಚ್ಚಿನ ಕಾರುಗಳಲ್ಲಿ ಇರೋದು ಗ್ಲೈಕಾಲ್ ಆಧಾರಿತ ದ್ರವ. ಪೆಡಲ್ ಮೇಲಿನ ಒತ್ತಡವನ್ನು ಚಕ್ರದವರೆಗೆ ಮುಟ್ಟಿಸೋದು ಅದರ ಕೆಲಸ. ತೊಂದರೆ ಏನಂದ್ರೆ, ಅದು ಗಾಳಿಯ ತೇವ ಹೀರುತ್ತೆ. ನೀರು ಸೇರಿದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತೆ. ಖಂಡಾಲ, ಚಾರ್ಮಾಡಿಯಂಥ ಘಾಟಿ ಇಳೀವಾಗ ಬ್ರೇಕ್ ಒತ್ತುತ್ತಲೇ ಇದ್ರೆ ಬಿಸಿ ಏರಿ ಒಳಗೆ ಆವಿ ಗುಳ್ಳೆ ಏಳಬಹುದು. ದ್ರವ ಕುಗ್ಗಲ್ಲ, ಆದ್ರೆ ಗುಳ್ಳೆ ಕುಗ್ಗುತ್ತೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತೆ, ಗಾಡಿ ನಿಲ್ಲಲ್ಲ.

ಬಾಟಲಿ ಮೇಲಿನ ಡಾಟ್ ನಂಬರ್ ಹೇಳೋದು ಮುಖ್ಯವಾಗಿ ಈ ಕುದಿಯೋ ಮಟ್ಟವನ್ನೇ. ಕನಿಷ್ಠ ಎಷ್ಟಿರಬೇಕು ಅಂದ್ರೆ:

ಡಾಟ್ 3: ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ 140.
ಡಾಟ್ 4: 230, ತೇವ ಹೀರಿದ ಮೇಲೆ 155.
ಡಾಟ್ 5 ಮತ್ತು 5.1: 260, ತೇವ ಹೀರಿದ ಮೇಲೆ 180.

ಎಡವೋದು ಇಲ್ಲೇ. 5 ಮತ್ತು 5.1 ಅಣ್ಣ ತಮ್ಮ ಅಲ್ಲ. 5.1 ಅನ್ನೋದು 3, 4ರ ಹಾಗೆ ಗ್ಲೈಕಾಲ್ ಜಾತಿ. ಡಾಟ್ 5 ಸಿಲಿಕೋನ್. ಮಿಕ್ಕವುಗಳ ಜೊತೆ ಬೆರೆಯಲ್ಲ. ನಂಬರ್ ದೊಡ್ಡದು ಅಂತ ಅದನ್ನು ಸುರೀಬೇಡಿ.

ಹಾಗಾದ್ರೆ ಯಾವುದು ಹಾಕ್ಬೇಕು? ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ನೋಡಿ. ಅಲ್ಲಿ ಬರೆದಿರುತ್ತೆ, ಮ್ಯಾನ್ಯುಯಲ್‌ನಲ್ಲೂ ಇರುತ್ತೆ. ಡಾಟ್ 3 ಕೇಳೋ ಗಾಡಿಗೆ ಸಾಮಾನ್ಯವಾಗಿ ಡಾಟ್ 4 ನಡೆಯುತ್ತೆ. ಡಾಟ್ 4 ಕೇಳೋ ಗಾಡಿಗೆ 3 ಬೇಡ. ಎಂಜಿನ್ ಆಯಿಲ್ ಅಂತೂ ಒಂದು ಹನಿಯೂ ಬೀಳಬಾರದು, ರಬ್ಬರ್ ಸೀಲುಗಳು ಉಬ್ಬಿ ಹಾಳಾಗ್ತವೆ.

ಎಷ್ಟು ದಿನಕ್ಕೆ ಬದಲಿಸ್ಬೇಕು? ಬಹಳಷ್ಟು ಗಾಡಿಗಳಿಗೆ 2 ವರ್ಷಕ್ಕೊಮ್ಮೆ, ಗಾಡಿ ಹೆಚ್ಚು ಓಡದೇ ಇದ್ರೂನೂ. ಮುಂಬೈ, ಚೆನ್ನೈನಂಥ ತೇವದ ಊರಲ್ಲಿ ಇರೋರು ಇದನ್ನು ಮುಂದೂಡಬೇಡಿ. ಬಣ್ಣ ನೋಡಿ ತೀರ್ಮಾನ ಮಾಡೋಕಾಗಲ್ಲ. ತೇವ ಅಳೆಯೋ ಟೆಸ್ಟರ್‌ನಿಂದ ನೋಡೋಕೆ ಗ್ಯಾರೇಜಿನವರಿಗೆ ಹೇಳಿ. ಮನೇಲಿ ಉಳಿದ, ಸೀಲ್ ಒಡೆದ ಹಳೇ ಬಾಟಲಿಯದು ಹಾಕಬೇಡಿ, ಅದೂ ತೇವ ಹೀರಿರುತ್ತೆ.

ಕೊನೇ ಮಾತು: ಮಟ್ಟ ಇಳಿದಿದ್ರೆ ಸುಮ್ಮನೆ ತುಂಬಿಸಿ ಹೊರಡಬೇಡಿ. ಬ್ರೇಕ್ ಪ್ಯಾಡ್ ಸವೆದಿರಬಹುದು, ಇಲ್ಲಾ ಎಲ್ಲೋ ಸೋರ್ತಿರಬಹುದು. ಮೊದಲು ಅದನ್ನು ನೋಡಿಸಿ. ಘಾಟಿ ಇಳೀವಾಗ ಕೆಳಗಿನ ಗೇರ್‌ನಲ್ಲೇ ಇರಿ. ಊರು ಸೇರಿ, ಹಬ್ಬ ಚೆನ್ನಾಗಿ ಮಾಡಿ.